ಪೋಸ್ಟರಿನ ಹಳದಿ ಪಟ್ಟಿ

ಶರ್ಲಿ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಪೋಸ್ಟರಿನ ಅಡಿಗೆ ಅಂಟಿಸಿದ್ದ ಹಳದಿ ಪಟ್ಟಿಯನ್ನು ಓದಿದರು. ‘ಬ್ಲ್ಯಾಕ್ ಸಿನಿಮಾ’ ಎಂದಿತ್ತು, ಕರಿಯರು ಮಾಡಿದ ಚಿತ್ರ ಎಂಬರ್ಥದಲ್ಲಿ. ಇನ್ನೊಮ್ಮೆ ಓದಿ, ತೆರೆದಿದ್ದ ಪರ್ಸನ್ನು ಮುಚ್ಚಿದರು.

"ಇದು ನಮಗಲ್ಲ ಅನ್ನಿಸುತ್ತೆ," ಎಂದರು ಕೌಂಟರಿನ ಹಿಂದಿದ್ದ ಇಂದಿರಾಗೆ. "ಒಳ್ಳೆಯ ಚಿತ್ರವೇ ಇರಬಹುದು. ಆದರೆ ಬುಧವಾರ ಬೆಳಿಗ್ಗೆ ಬಂದು ಕೂತು ಅಳೋದು ನಮ್ಮ ಕೈಲಾಗಲ್ಲ."

ಇದು ತಮಾಷೆಯ ಚಿತ್ರ ಎಂದು ಇಂದಿರಾ ಹೇಳುವಷ್ಟರಲ್ಲಿ ಶರ್ಲಿ ಬಾಗಿಲು ತಲುಪಿದ್ದರು. ಹೊರಗಿನ ಗಾಳಿ ಬಾಗಿಲನ್ನು ಅವರ ಹಿಂದೆಯೇ ದಬ್ಬಿ ಮುಚ್ಚಿತು.

ಲೋವರ್ ಹಟ್ ಎಂಬ ಊರಿನ ಆ ಚಿತ್ರಮಂದಿರದಲ್ಲಿ ಇದ್ದದ್ದು ಎರಡೇ ಪರದೆ. ಬುಧವಾರದ ಹತ್ತೂವರೆಯ ಆಟಕ್ಕೆ ನಿವೃತ್ತರ ಒಂದು ದೊಡ್ಡ ಗುಂಪು ತಪ್ಪದೆ ಬರುತ್ತಿತ್ತು. ಟಿಕೆಟ್ಟಿನ ಜೊತೆ ಒಂದು ಚಹಾ, ಒಂದು ಸ್ಕೋನ್ ಬನ್ನು. ಶರ್ಲಿ ಬಂದರೆ ಎಲ್ಲರೂ ಬರುತ್ತಿದ್ದರು. ಶರ್ಲಿ ಬೇಡವೆಂದರೆ ಯಾರೂ ಇಲ್ಲ. ಸಣ್ಣ ಚಿತ್ರಗಳಿಗೆ ಮಾಲೀಕ ಗ್ರೇಮ್ ಕೊಡುತ್ತಿದ್ದುದು ಆ ಒಂದೇ ಆಟ. ನಲವತ್ತು ಸೀಟು ತುಂಬಿದರೆ ವಾರಾಂತ್ಯವೂ ಸಿಗುತ್ತಿತ್ತು. ತುಂಬದಿದ್ದರೆ ವಾರಾಂತ್ಯ ಮಕ್ಕಳ ಕಾರ್ಟೂನಿಗೆ. ಇವತ್ತು ಸೋಮವಾರ. ಬುಕ್ ಆಗಿದ್ದು ಹನ್ನೊಂದು.

ಚಿತ್ರ ರುವಿಂಬೊಳದು. ಇದೇ ಊರಲ್ಲಿ ಬೆಳೆದ ಹುಡುಗಿ. ತಂದೆತಾಯಿ ಜಿಂಬಾಬ್ವೆಯಿಂದ ಬಂದವರು. ಅವಳು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ, ರಜೆ ಕೂಡಿಸಿಕೊಂಡು ಆರು ವರ್ಷ ತೆಗೆದ ಚಿತ್ರ. ಇಬ್ಬರು ಅಕ್ಕತಂಗಿಯರಿಗೆ ಅಪ್ಪನಿಂದ ಒಂದು ಬ್ಯಾಚ್ ಬರುತ್ತದೆ, ಕಡಲ ದಂಡೆಯ ಪುಟ್ಟ ರಜೆಮನೆ. ಅಕ್ಕ ಮಾರೋಣ ಎನ್ನುತ್ತಾಳೆ, ತಂಗಿ ಬೇಡ ಎನ್ನುತ್ತಾಳೆ. ಇರುವ ಒಂದೇ ಟಾಯ್ಲೆಟ್ಟು ಕೆಟ್ಟಿದೆ. ಅವರು ಕರಿಯರು ಎನ್ನುವುದು ಕಣ್ಣಿಗೆ ಕಾಣುತ್ತದೆ. ಚಿತ್ರದಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಮೂರು ವಾರದ ಹಿಂದೆ ಇಂದಿರಾ ಅದನ್ನು ಖಾಲಿ ಮಂದಿರದಲ್ಲಿ ಒಬ್ಬಳೇ ಕೂತು ನೋಡಿದ್ದಳು. ನಗು ಬರಬೇಕಾದ ಜಾಗಗಳು ಒಂದೊಂದೂ ಅವಳಿಗೆ ತಿಳಿದವು. ನಗು ಬರಲಿಲ್ಲ.

ಹಳದಿ ಪಟ್ಟಿ ಬರೆದು ಅಂಟಿಸಿದವಳು ಅವಳೇ. ಅದಕ್ಕೆ ಅವಳದೇ ಒಂದು ಕಾರಣವಿತ್ತು. ಪ್ರತಿ ತಿಂಗಳು ಮಂದಿರವನ್ನು ಬಾಡಿಗೆಗೆ ಹಿಡಿದು ಕನ್ನಡ ಚಿತ್ರ ಹಾಕಿಸುವ ಬದರಿನಾಥ್ ಎರಡು ವರ್ಷದ ಹಿಂದೆ ವೆಬ್‌ಸೈಟಿನ ಒಂದು ಪುಟವನ್ನು ಮುದ್ರಿಸಿಕೊಂಡು ಬಂದಿದ್ದರು. ಅವರ ಚಿತ್ರವನ್ನು ಅವಳು ‘ಬಾಲಿವುಡ್’ ಎಂಬ ತಲೆಬರಹದ ಕೆಳಗೆ ಹಾಕಿದ್ದಳು. ಬೇರೆ ತಲೆಬರಹವೇ ಇರಲಿಲ್ಲ. ಅವರು ಜಗಳವಾಡಲಿಲ್ಲ. ಪುಟವನ್ನು ಕೌಂಟರಿನ ಮೇಲಿಟ್ಟು ಆ ತಲೆಬರಹದ ಮೇಲೆ ಬೆರಳಿಟ್ಟರು. ಇಂದಿರಾ ಅಂದೇ ‘ಕನ್ನಡ’ ಎಂಬ ಹೊಸ ತಲೆಬರಹ ಸೇರಿಸಿದಳು. ಅಲ್ಲಿಂದೀಚೆಗೆ ಪ್ರತಿ ತಿಂಗಳೂ ಮಂದಿರ ತುಂಬುತ್ತಿತ್ತು. ರುವಿಂಬೊಳ ಚಿತ್ರ ಬಂದಾಗಲೂ ಅದೇ ಖುಷಿಯಲ್ಲಿ ಹೊಸ ತಲೆಬರಹ ಸೇರಿಸಿ, ಪಟ್ಟಿಯನ್ನೂ ಮಾಡಿದ್ದಳು. ಯಾರನ್ನೂ ಕೇಳಿರಲಿಲ್ಲ.

ನಾಲ್ಕು ಗಂಟೆಗೆ ರುವಿಂಬೊ ಪಾಳಿ ಮುಗಿಸಿ ಬಂದಳು. ಜಾಕೆಟಿನ ಕೆಳಗೆ ಇನ್ನೂ ಆಸ್ಪತ್ರೆಯ ಸಮವಸ್ತ್ರ. ಪೋಸ್ಟರಿನ ಮುಂದೆ ತುಸು ಹೊತ್ತು ನಿಂತು, ಯಾರು ಅಂಟಿಸಿದ್ದು ಎಂದು ಕೇಳಿದಳು. ನಾನೇ ಎಂದಳು ಇಂದಿರಾ. ಶರ್ಲಿಯ ಮಾತನ್ನೂ ಮುಚ್ಚಿಡದೆ ಹೇಳಿದಳು. ರುವಿಂಬೊ ಸಿಟ್ಟಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಶೂಗಳ ಲೇಸು ಸಡಿಲಿಸಿದಳು.

‘ಬ್ಲ್ಯಾಕ್’ ಎಂಬ ಹೆಸರನ್ನು ತಾನು ಹಳಿಯುವ ಹಾಗಿಲ್ಲ ಎಂದಳು. ಆಫ್ರಿಕಾ ಮೂಲದ ನಿರ್ದೇಶಕರಿಗೆಂದೇ ಇದ್ದ ಒಂದು ನಿಧಿಯಿಂದ ಅವಳಿಗೆ ಕ್ಯಾಮೆರಾ ಸಿಕ್ಕಿತ್ತು; ಆ ಹೆಸರಿಲ್ಲದಿದ್ದರೆ ಚಿತ್ರವೇ ಇರುತ್ತಿರಲಿಲ್ಲ. ಆದರೆ ಆಕ್ಲೆಂಡಿನ ಒಂದು ಚಿತ್ರೋತ್ಸವದಲ್ಲಿ ಚಿತ್ರವನ್ನು ಅದೇ ಹೆಸರಿನ ವಿಭಾಗಕ್ಕೆ ಹಾಕಿದ್ದರು. ಪ್ರದರ್ಶನ ಮುಗಿದ ಮೇಲೆ ಕೇಳಿದ ಪ್ರಶ್ನೆಗಳೆಲ್ಲ ವರ್ಣಭೇದದ ಬಗ್ಗೆ. ಟಾಯ್ಲೆಟ್ಟಿನ ಬಗ್ಗೆ ಒಬ್ಬರೂ ಕೇಳಲಿಲ್ಲ.

"ನನ್ನ ಚಿತ್ರದಲ್ಲಿ ನೂರಾ ಹನ್ನೆರಡು ಜೋಕ್ ಇವೆ," ಎಂದಳು. "ಎಣಿಸಿ ಬರೆದಿದ್ದೇನೆ. ಅಲ್ಲಿ ಯಾರೂ ನಗಲಿಲ್ಲ. ನಗಬಹುದೋ ಬಾರದೋ ಅಂತ ಪಕ್ಕದವರ ಮುಖ ನೋಡುತ್ತಿದ್ದರು."

ಕೌಂಟರು ಒರೆಸುತ್ತಿದ್ದ ಇಂದಿರಾಳ ಕೈ ನಿಂತಿತು. ಗಂಡ ಅನಿಲ್ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಕನ್ನಡದವರು ಸೇರಿದ ಕಡೆ ಅವಳು ಒಳಗೆ ಬಂದರೆ, ನಗುತ್ತಿದ್ದವರು ಪಕ್ಕದವರ ಮುಖ ನೋಡುತ್ತಿದ್ದರು. ಆಮೇಲೆ ಯಾರಾದರೊಬ್ಬರು ಎದ್ದು ಅವಳಿಗೆ ಕುರ್ಚಿ ಕೊಡುತ್ತಿದ್ದರು.

"ಕಿತ್ತುಬಿಡಲಾ?" ಎಂದಳು.

"ಗೊತ್ತಿಲ್ಲ. ಈಗ ಬುಕ್ ಮಾಡಿರುವ ಹನ್ನೊಂದು ಜನ ಅದನ್ನು ನೋಡಿಯೇ ಮಾಡಿದ್ದಾರೆ. ಕಿತ್ತರೆ ಅವರೂ ಬರದೆ ಹೋದರೆ?"

ಈ ವಾರದ ಚಿತ್ರಗಳ ವಿವರ ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲರಿಗೂ ಇಮೇಲಿನಲ್ಲಿ ಹೋಗುತ್ತದೆ. ಅಷ್ಟರಲ್ಲಿ ಹೇಳು ಎಂದಳು ಇಂದಿರಾ. ರುವಿಂಬೊ ಲೇಸು ಬಿಗಿದುಕೊಂಡು ಎದ್ದಳು. ಜಾಕೆಟಿನ ಜಿಪ್ಪು ಎಳೆದುಕೊಂಡು ಹೊರಟಳು.

ಮಂಗಳವಾರ ಬೆಳಿಗ್ಗೆ ಮುಂದಿನ ತಿಂಗಳ ಕನ್ನಡ ಚಿತ್ರದ ಪೋಸ್ಟರನ್ನು ಸುರುಳಿ ಸುತ್ತಿಕೊಂಡು ಬದರಿನಾಥ್ ಬಂದರು. ಮೈಸೂರಿನ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದವರು. ಈಗ ಇಲ್ಲಿ ಮಗಳ ಮನೆಯಲ್ಲಿದ್ದರು. ಇಂದಿರಾ ಒಳಕೋಣೆಯಿಂದ ಬರುವಾಗ ಅವರು ಪಾಪ್‌ಕಾರ್ನ್ ಯಂತ್ರದ ಬಳಿ ಗ್ರೇಮ್‌ಗೆ ತಮ್ಮ ಇಂಗ್ಲಿಷಿನಲ್ಲಿ ಒಂದು ತಮಾಷೆ ಹೇಳುತ್ತಿದ್ದರು. ಒಬ್ಬಳು ಅಜ್ಜಿ ಕಂಕುಳಲ್ಲಿ ಕೋಳಿ ಹಿಡಿದು ಬಸ್ಸು ಹತ್ತಿದಳಂತೆ. ಕಂಡಕ್ಟರು ಕೋಳಿಗೂ ಅರ್ಧ ಟಿಕೆಟ್ ತಗೋ ಎಂದನಂತೆ. ಅದಕ್ಕೆ ಅಜ್ಜಿ... ಅಷ್ಟರಲ್ಲಿ ಇಂದಿರಾ ಕಣ್ಣಿಗೆ ಬಿದ್ದಳು. ಬದರಿನಾಥರ ಮುಖ ಬದಲಾಯಿತು. ಬಸ್ಸಿನ ಕಂಬಿ ಹಿಡಿದಂತೆ ಮೇಲೆತ್ತಿದ್ದ ಕೈ ಕೆಳಗಿಳಿಯಿತು.

"ಚೆನ್ನಾಗಿದ್ದೀಯೇನಮ್ಮಾ?" ಎಂದರು, ತಗ್ಗಿದ ದನಿಯಲ್ಲಿ.

ಅವಳು ಹೂಂ ಎಂದು, ಪಟ್ಟಿಯ ವಿಷಯ ಹೇಳಿದಳು. ಅವರಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

"ಬೋರ್ಡಿಲ್ಲದ ಬಸ್ಸು ಯಾರಮ್ಮಾ ಹತ್ತುತಾರೆ? ನಮ್ಮದಕ್ಕೆ ಕನ್ನಡ ಅಂತ ಹಾಕಿದ್ಮೇಲೇ ಅಲ್ವಾ ಜನ ಬಂದಿದ್ದು?"

"ಬೋರ್ಡಲ್ಲಿ ಬಸ್ಸು ಹೋಗೋ ಊರಿನ ಹೆಸರಿರತ್ತೆ ಅಂಕಲ್. ನಾನು ಡ್ರೈವರ್ ಯಾರು ಅಂತ ಬರೆದುಬಿಟ್ಟಿದ್ದೀನಿ."

ಬದರಿನಾಥ್ ಪೋಸ್ಟರಿನ ಬಳಿ ಹೋಗಿ ಅಕ್ಕತಂಗಿಯರ ಮುಖಗಳನ್ನು ನೋಡಿದರು. ಅಕ್ಕನ ಕೈಯಲ್ಲಿ ಟಾಯ್ಲೆಟ್ಟಿನ ಕಟ್ಟು ಬಿಡಿಸುವ ಪ್ಲಂಜರ್ ಇತ್ತು. ಅವರು ಗಲ್ಲ ಕೆರೆದುಕೊಂಡರು. ಬೋರ್ಡು ಬದಲಾಯಿಸಿದರೆ ಹಳೇ ಬೋರ್ಡು ನಂಬಿದ ಪ್ಯಾಸೆಂಜರುಗಳು ನಿಂತಲ್ಲೇ ನಿಂತುಬಿಡುತ್ತಾರೆ, ಅದನ್ನು ಕಣ್ಣಾರೆ ಕಂಡಿದ್ದೇನೆ ಎಂದರು. ಅದೇ ಭಯ ಎಂದಳು ಇಂದಿರಾ.

"ಅದಕ್ಕೇ ಅಲ್ವೇನಮ್ಮಾ ಕಂಡಕ್ಟರು ಇರೋದು," ಎಂದರು. "ಬಾಗಿಲಲ್ಲಿ ನಿಂತು ಕೂಗಬೇಕು. ನಿಂತೋರು ಯಾವ ಊರೋರೋ ಆ ಭಾಷೇಲಿ."

ಇಂದಿರಾ ರುವಿಂಬೊಗೆ ಫೋನು ಮಾಡಿದಾಗ ಹನ್ನೊಂದೂವರೆ. ಅವಳು ವಾರ್ಡಿನಲ್ಲಿದ್ದಳು. ಹಳೆಯ ಪಟ್ಟಿ ತೆಗೆದುಬಿಡು ಎಂದಳು. ಬುಕ್ ಮಾಡಿದ ಹನ್ನೊಂದರಲ್ಲಿ ಒಂಬತ್ತು ಜನ ಪಕ್ಕದ ಊರು ಪೊರಿರುವಾದ ಚರ್ಚಿನ ಹೆಂಗಸರು, ತನ್ನ ಅಮ್ಮನ ಪರಿಚಯದವರು. ತಪ್ಪದೆ ಬನ್ನಿ ಎಂದು ಅವರಿಗೆ ತಾನೇ ಹೇಳುತ್ತೇನೆ ಎಂದಳು. ಪಟ್ಟಿಯ ಮೇಲೆ ಏನು ಬರೆಯಲಿ ಎಂದು ಇಂದಿರಾ ಕೇಳಿದಳು. ಆ ಕಡೆ ಯಾವುದೋ ಗಂಟೆ ಬಾರಿಸಿತು, ಯಾರೋ ಕರೆದರು. ರುವಿಂಬೊ ಅವಸರದಲ್ಲಿ ಒಂದು ಸಾಲು ಹೇಳಿ ಫೋನಿಟ್ಟಳು.

ಹಳದಿ ಪಟ್ಟಿ ಸುಲಭವಾಗಿ ಕಿತ್ತುಬರಲಿಲ್ಲ. ಬಿಸಿನೀರಿನ ಬಟ್ಟೆ ಒತ್ತಿ, ಉಗುರಿನಿಂದ ಕೆರೆದು ತೆಗೆಯಬೇಕಾಯಿತು. ಆ ಜಾಗದಲ್ಲಿ ಹೊಸ ಪಟ್ಟಿ: ‘ಇಬ್ಬರು ಅಕ್ಕತಂಗಿಯರು. ಒಂದೇ ಬ್ಯಾಚ್. ಒಂದೇ ಟಾಯ್ಲೆಟ್. ಅದೂ ಕೆಟ್ಟಿದೆ.’ ವೆಬ್‌ಸೈಟಿನಲ್ಲಿ ಚಿತ್ರವನ್ನು ಹಾಸ್ಯದ ತಲೆಬರಹಕ್ಕೆ ಸೇರಿಸಿದಳು. ಆಮೇಲೆ ಶರ್ಲಿಗೆ ಫೋನು ಮಾಡಿ ಅದೇ ಸಾಲು ಓದಿದಳು. ಶರ್ಲಿ, ತಮ್ಮ ಬ್ಯಾಚಿನ ಟಾಯ್ಲೆಟ್ಟು ಎಪ್ಪತ್ತೆಂಟರ ಕ್ರಿಸ್‌ಮಸ್ ದಿನ ಕೆಟ್ಟಿದ್ದನ್ನೂ ಗಂಡ ಅದನ್ನು ರಿಪೇರಿ ಮಾಡಲು ಹೋಗಿ ಪಟ್ಟ ಪಾಡನ್ನೂ ಹತ್ತು ನಿಮಿಷ ಹೇಳಿದರು.

ಬುಧವಾರ ಶರ್ಲಿಯ ಗುಂಪಿನಲ್ಲಿ ಇಪ್ಪತ್ತೇಳು ಜನ ಇದ್ದರು. ಅವರು ಚಹಾ ತೆಗೆದುಕೊಳ್ಳುತ್ತಿರುವಾಗ ಪೊರಿರುವಾದ ವ್ಯಾನು ಬಂತು. ಒಂಬತ್ತು ಹೆಂಗಸರಲ್ಲಿ ಹಿರಿಯಾಕೆ ಪೋಸ್ಟರಿನ ಮುಂದೆ ನಿಂತು, ಹಳೆಯ ಪಟ್ಟಿ ಎಲ್ಲಿ ಎಂದು ಕೇಳಿದಳು. ತೆಗೆದೆ ಎಂದಳು ಇಂದಿರಾ.

"ಅದರ ಫೋಟೋ ನೋಡಿಯೇ ನಾವು ವ್ಯಾನು ಗೊತ್ತು ಮಾಡಿದ್ದು," ಎಂದಳಾಕೆ. "ಅಷ್ಟು ದೊಡ್ಡ ಅಕ್ಷರದಲ್ಲಿ ನಮ್ಮನ್ನು ಎಲ್ಲಿ ಬರೆಯುತ್ತಾರೆ? ನಾಚಿಕೆಯಾಯಿತೇನು?"

ರುವಿಂಬೊ ಬಂದು ಆಕೆಯ ಕೈ ಹಿಡಿದು ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಆಕೆ ಒಪ್ಪಿದಂತೆ ಕಾಣಲಿಲ್ಲ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ; ಹಾಗೆಯೇ ಬಾಗಿಲವರೆಗೂ ನಡೆದಳು.

ಉಳಿದವರೂ ಒಬ್ಬೊಬ್ಬರಾಗಿ ಬಂದರು. ಬದರಿನಾಥ್ ಕೊನೆಯವರು, ಅವರದು ನಲವತ್ತಮೂರನೆಯ ಟಿಕೆಟ್ಟು. ಗ್ರೇಮ್ ಕಂಪ್ಯೂಟರಿನತ್ತ ಒಮ್ಮೆ ಬಗ್ಗಿ ನೋಡಿ, ಶನಿವಾರಕ್ಕೆಂದು ಹೊರಗೆ ತಂದಿಟ್ಟಿದ್ದ ಕಾರ್ಟೂನು ಕರಡಿಯ ದೊಡ್ಡ ರಟ್ಟಿನ ಬೊಂಬೆಯನ್ನು ತಬ್ಬಿಕೊಂಡು ಒಳಕೋಣೆಗೆ ಸಾಗಿಸಿದ.

ರುವಿಂಬೊ ಒಳಗೆ ಹೋಗಲಿಲ್ಲ. ಮುಚ್ಚಿದ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಳು. ಇಂದಿರಾ ಪಕ್ಕದಲ್ಲಿ ನಿಂತಳು. ಸಂಗೀತ ಮುಗಿಯಿತು. ಅಕ್ಕತಂಗಿಯರ ಮಾತು ಶುರುವಾಯಿತು. ಒಳಗೆ ಬೇರೆ ಸದ್ದಿಲ್ಲ. ಮೊದಲ ಜೋಕ್ ಬರುವ ಜಾಗ ಇಂದಿರಾಗೆ ಗೊತ್ತಿತ್ತು. ಅದು ಬಂತು, ಹೋಯಿತು. ರುವಿಂಬೊ ಕಣ್ಣು ಮುಚ್ಚಿಕೊಂಡಿದ್ದಳು.

ಎರಡನೆಯದಕ್ಕೆ ಒಬ್ಬರು ನಕ್ಕರು. ಶರ್ಲಿಯ ನಗು. ಅದರ ಬೆನ್ನಿಗೇ ಎಡಗಡೆಯಿಂದ ಚರ್ಚಿನ ಹೆಂಗಸರು, ಇನ್ನೂ ಜೋರಾಗಿ. ಆಮೇಲೆ ಯಾರ ನಗು ಯಾವುದೆಂದು ತಿಳಿಯಲಿಲ್ಲ.

ರುವಿಂಬೊ ಗೋಡೆಯ ಗುಂಟ ಜಾರಿ ನೆಲದ ಮೇಲೆ ಕೂತು ಲೇಸು ಸಡಿಲಿಸಿದಳು.

"ಒಂದು," ಎಂದಳು.

ಚಿತ್ರ ಮುಗಿದ ಮೇಲೆ ಎಲ್ಲರೂ ಬೇಗ ಹೋಗಲಿಲ್ಲ. ಚರ್ಚಿನ ಹಿರಿಯಾಕೆಗೆ ಶರ್ಲಿ ಎಪ್ಪತ್ತೆಂಟರ ಟಾಯ್ಲೆಟ್ಟಿನ ಕಥೆ ಹೇಳುತ್ತಿದ್ದರು. ಬದರಿನಾಥ್ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ, ಇನ್ನೂ ಭುಜ ಕುಲುಕಿಸುತ್ತ ಹೊರಬಂದರು. ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತಿದ್ದ ಇಂದಿರಾಳನ್ನು ಕಂಡು ಮುಖವನ್ನು ನೆಟ್ಟಗೆ ಮಾಡಿಕೊಂಡರು.

"ಅಂಕಲ್," ಎಂದಳು ಅವಳು. "ಕೋಳಿಗೆ ಅರ್ಧ ಟಿಕೆಟ್ ಅಂದ್ನಲ್ಲ ಕಂಡಕ್ಟರ್. ಅದಕ್ಕೆ ಅಜ್ಜಿ ಏನಂದ್ಳು?"

ಬದರಿನಾಥ್ ಅವಳನ್ನು ನೋಡಿದರು. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಎದುರಿನ ಕುರ್ಚಿಯನ್ನು ಎಳೆದುಕೊಂಡರು.

"ಮೊದಲಿಂದ ಹೇಳ್ಬೇಕಾಗತ್ತಮ್ಮಾ," ಎಂದರು.

ಅವರ ಕೈಗಳಿಗೆ ಜಾಗವಾಗಲೆಂದು ಇಂದಿರಾ ಸ್ಕೋನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.