ಬೂದಿ ಮೊದಲೋ, ಸಾವು ಮೊದಲೋ

ಮೂರು ವರ್ಷದ ದುಡಿಮೆಗೆ ಎಳ್ಳುನೀರು ಬಿಡುವ ಪತ್ರವನ್ನು ಸಂಶೋಧಕಿ ಬರೆಯಲು ಕುಳಿತಿದ್ದಳು. ಸಂಜೆಯೊಳಗೆ ಅದನ್ನು ಮಹಡಿಯ ಮೇಲಿದ್ದ ಪ್ರೊಫೆಸರಿಗೆ ಕೊಡಬೇಕಿತ್ತು.

ಇಪ್ಪತ್ತೈದು ಕೋಟಿ ವರ್ಷಗಳ ಹಿಂದೆ ಕಡಲಿನ ಬಹುಪಾಲು ಜೀವಿಗಳು ಅಳಿದದ್ದು ಜ್ವಾಲಾಮುಖಿಗಳ ದೆಸೆಯಿಂದ ಎಂಬುದು ಅವಳ ವಾದ. ಹಾಗಿದ್ದರೆ ನೆಲ ಕೊರೆದು ತೆಗೆದ ಕಲ್ಲಿನಲ್ಲಿ ಕೆಳಗೆ ಚಿಪ್ಪುಗಳು, ನಡುವೆ ಬೂದಿ, ಮೇಲೆ ಬರಿದಾದ ಕೆಸರು ಕಾಣಬೇಕು. ಅವಳ ಗೇಣುದ್ದದ ತುಂಡಿನಲ್ಲಿ ಎಲ್ಲವೂ ತಿರುವುಮುರುವು. ಬೂದಿ ಬಿದ್ದ ಮೇಲೆಯೇ ಚಿಪ್ಪುಗಳ ಸಂತೆ!

ಎಲ್ಲರೂ ಗರಗಸದ ಮಾಮ ಎನ್ನುವ ಹಿರಿಯ ಕೆಲಸಗಾರ ಕಲ್ಲು ಕೊಯ್ಯುವ ಯಂತ್ರ ನಿಲ್ಲಿಸಿ, ಕೈ ಒರೆಸುತ್ತ ಬಂದ.

"ಏನಮ್ಮಾ, ಯಾರು ಸತ್ರು?"

"ಎಲ್ಲಾ ಸತ್ತಿದ್ವು ಮಾಮ. ನಾನು ಹೇಳಿದ ಕಾರಣಕ್ಕಲ್ಲ, ಅಷ್ಟೇ."

ಮಾಮ ತುಂಡನ್ನು ಒದ್ದೆ ಮಾಡಿ, ಒಂದು ಚಿಪ್ಪಿನ ಮೇಲೆ ಭೂತಗನ್ನಡಿ ಹಿಡಿದ. ಚಿಪ್ಪಿನ ಪೊಳ್ಳಿನಲ್ಲಿ ಅರ್ಧ ಕಪ್ಪು ಕೆಸರು, ಅರ್ಧ ಬಿಳಿ ಹರಳು.

"ಲೋಟದಲ್ಲಿ ಚಹಾಪುಡಿ ಎಲ್ಲಿ ಕೂರತ್ತೆ?"

"ತಳದಲ್ಲಿ."

"ಇಲ್ಲಿ ಕೆಸರು ಸೂರಿಗೆ ಅಂಟಿದೆ ನೋಡು. ನಿನ್ನ ಕಡಲಲ್ಲಿ ಕೆಸರು ಮೇಲಕ್ಕೆ ಬೀಳ್ತಿತ್ತಾ? ಮೇಲೆ ಯಾವುದು ಅಂತ ಬಾಣದ ಗುರುತು ಹಾಕಿದ ಮಹಾನುಭಾವರು ಯಾರು?"

ಅವಳ ಕಿವಿ ಕೆಂಪಾಯಿತು. ನೆಲ ಕೊರೆಯುವ ಕೊಳವೆಯಿಂದ ಕಲ್ಲು ತೆಗೆದ ಕೂಡಲೇ ಬಾಣ ಬರೆಯುವುದು ನಿಯಮ. ಬೂದಿ ಕಂಡ ಸಂಭ್ರಮದಲ್ಲಿ ಅವಳು ಮೊದಲು ತುಂಡನ್ನೆತ್ತಿ ಫೋಟೊ ತೆಗೆದಿದ್ದಳು, ಆಮೇಲೆ ಬರೆದಿದ್ದಳು. ಆ ನಡುವೆ ತುಂಡು ತಲೆಕೆಳಗಾಗಿರಬೇಕು.

ಕುಣಿಯುವ ಆಸೆಯನ್ನು ಅವಳು ಅದುಮಿಕೊಂಡಳು. "ಒಂದೇ ಚಿಪ್ಪಿನ ಸಾಕ್ಷಿ ಸಾಲದು ಮಾಮ. ಉದ್ದಕ್ಕೆ ಸೀಳಿ."

ಯಂತ್ರ ಕಿರುಚಿತು, ಇಬ್ಬರ ಮುಖಕ್ಕೂ ಕೆಸರುನೀರು ಸಿಡಿಯಿತು. ಸೀಳಿದ ಹೊಸ ಮೈಯಲ್ಲಿ ಪೊಳ್ಳಿದ್ದ ಚಿಪ್ಪುಗಳು ಹನ್ನೊಂದು. ಹನ್ನೊಂದರಲ್ಲೂ ಕೆಸರು ಸೂರಿನ ಕಡೆಗೇ! ತುಂಡನ್ನು ತಿರುಗಿಸಿ ನಿಲ್ಲಿಸಿದಳು: ಕೆಳಗೆ ಜೀವ, ಆಮೇಲೆ ಬೂದಿ, ಆಮೇಲೆ ಶೂನ್ಯ. ಅವಳು ಮಾಮನ ಎರಡೂ ಕೈ ಹಿಡಿದು ಗಿರ್ರನೆ ಸುತ್ತಿಸಿದಳು.

"ಬಿಡೇ ತಾಯಿ, ತಲೆ ತಿರುಗತ್ತೆ! ಇಷ್ಟೊಂದು ಜೀವ ಹೋಗಿದ್ದಕ್ಕೆ ಹೀಗೆ ಕುಣಿಯೋರನ್ನ ಇವತ್ತೇ ಕಂಡಿದ್ದು."

"ಪ್ರೊಫೆಸರಿಗೆ ಮೊದಲು ನನ್ನ ತಪ್ಪು ಹೇಳ್ತೀನಿ. ಆಮೇಲೆ ಬೂದಿ ವಿಷಯ."

"ಬೈತಾರೆ."

"ಬೈಯಲಿ ಬಿಡಿ!"

ಎರಡೂ ಅಂಗೈಯಲ್ಲಿ ಕಲ್ಲನ್ನು ನೆಟ್ಟಗೆ ಹಿಡಿದು ಅವಳು ಮೆಟ್ಟಿಲು ಹತ್ತಿದಳು. ಮಾಮ ಹಿಂದಿನಿಂದ ಕೂಗುತ್ತಲೇ ಇದ್ದ: "ಹಾಗೇ ಹಿಡ್ಕೋ! ತಿರುಗಿಸ್ಬೇಡ ಕಣೇ!"