ಮೇಲಕ್ಕೆ ಹಾರಿದ ಗುಂಡುಗಳು

ಈ ನಾಯಿ ಯಾಕೆ ಬೊಗಳುತ್ತಿಲ್ಲ, ಊರೊಳಗೆ ಕಾಲಿಟ್ಟಾಗಿನಿಂದ ಬೆನ್ನಿಗೇ ಬರುತ್ತಿದೆ, ಬಾಲವನ್ನೂ ಆಡಿಸದೆ ನನ್ನ ಮುಖವನ್ನೇ ನೋಡುತ್ತಿದೆ, ಮಧ್ಯಾಹ್ನವಾದರೂ ಗೋಧಿ ಹೊಲದ ಮೇಲಿನ ಮಂಜು ಎದ್ದಿಲ್ಲ, ಅಪ್ಪ ಹೇಳುತ್ತಿದ್ದ ಮಂಜು ಇದೇ ಇರಬೇಕು — ಶೂಝೌ ಕಡೆ ಮಂಜು ಬಿದ್ರೆ ಪಕ್ಕದೋನು ಸತ್ರೂ ಗೊತ್ತಾಗಲ್ಲ ಕಣೇ ಶ್ಯುಲಾನ್, ಎಂದಿದ್ದ, ತೈವಾನಿನ ನಮ್ಮ ಸೈನಿಕರ ಕೇರಿಯಲ್ಲಿ ಸುಡುಬಿಸಿಲಿಗೆ ಬೆವರುತ್ತ ಕೂತು. ಚೀನಾದಲ್ಲಿ ಕಮ್ಯುನಿಸ್ಟರ ಕೆಂಪು ಸೈನ್ಯಕ್ಕೆ ಸೋತು ತೈವಾನಿಗೆ ಬಂದ ಆ ಯುದ್ಧದ ಬಗ್ಗೆ ಅವನು ಆಡಿದ್ದು ಅದೊಂದು ಮಾತು, ಇನ್ನೊಂದು, ನಾನು ಮೇಲಕ್ಕೇ ಹೊಡೆದೆ. ಅಮ್ಮನಿಗೂ ಅದನ್ನೇ ಹೇಳಿದ, ಆಸ್ಪತ್ರೆಯಲ್ಲಿ ನನ್ನ ಮಣಿಕಟ್ಟು ಹಿಡಿದೂ ಅದನ್ನೇ, ಮೇಲಕ್ಕೇ ಹೊಡೆದೆ, ನನ್ನ ಬೂದೀನ ಆ ಹೊಲದಲ್ಲಿ ಹೂಳು, ಯಾವ ಹೊಲ ಅಪ್ಪಾ ಎಂದು ನಾನು ಕೇಳುವಷ್ಟರಲ್ಲಿ ಕಣ್ಣು ಎತ್ತಲೋ ಹೋಗಿತ್ತು. ಅಂದಿನಿಂದ ಹುಡುಕುತ್ತಿದ್ದೇನೆ, ಅವನ ತುಕಡಿಯಲ್ಲಿ ಬದುಕುಳಿದವರನ್ನು. ಸೋಯಾ ಹಾಲು ಮಾರುವ ಮೋ, ಯೂ ಎಂದು ಅಪ್ಪನ ಹೆಸರು ಹೇಳಿದ ಕೂಡಲೇ ಅಂಗಡಿಯ ಬಾಗಿಲೆಳೆದುಕೊಂಡ, ಒಲೆಯ ಮೇಲೆ ಹಾಲು ಉಕ್ಕಿ ಸೀದುಹೋಗುತ್ತಿದ್ದ ವಾಸನೆ ಬೀದಿಗೆಲ್ಲ ಬರುತ್ತಿತ್ತು, ಆದರೂ ತೆರೆಯಲಿಲ್ಲ. ಹುವಾಲಿಯೆನ್‌ನ ಕಾಂಗ್, ಬೆಟ್ಟ ಒಡೆದು ರಸ್ತೆ ಮಾಡುವಾಗ ಬೆರಳು ಕಳೆದುಕೊಂಡವನು, ಮದುವೆಯಾಗದೆ ಪಂಜರದ ಹಕ್ಕಿಗಳ ಜೊತೆ ಮಾತಾಡಿಕೊಂಡಿರುವವನು, ಅವನೊಬ್ಬ ಬಾಯಿ ಬಿಟ್ಟ — ನಿಮ್ಮಪ್ಪ ಮೇಲಕ್ಕೇ ಹೊಡೆದ, ಮೆಷಿನ್‌ಗನ್ನಿಗೆ ಗುಂಡಿನ ಪಟ್ಟಿ ಹಿಡಿದಿದ್ದೋನು ನಾನೇ, ನಾನೇ ಸಾಕ್ಷಿ. ಆಮೇಲೆ ಏನಾಯ್ತು ಚಿಕ್ಕಪ್ಪ? ಆಮೇಲೆ ಏನಿಲ್ಲ, ಟೀ ಕುಡಿ. ಹೊರಡುವಾಗ ಬಾಗಿಲವರೆಗೂ ಬಂದ, ಕೆಂಪು ಸೈನ್ಯದ ಕಡೆಗೆ ದಾಟ್ಕೊಂಡೋನು ಒಬ್ಬ ಬದುಕಿರಬಹುದು, ಚಿಯೂ ಅಂತ, ಆದ್ರೆ ನೀನು ಹೋಗ್ಬೇಡ ಮಗಳೇ.

ಹೋಗಬೇಡ ಎಂದದ್ದಕ್ಕೇ ಬಂದೆನೇನೋ, ಇದೋ ಚಿಯೂ ಮನೆಯ ಅಂಗಳ, ಜೋಳದ ತೆನೆಗಳನ್ನು ಹೆಣೆದು ಗೋಡೆಗೆ ತೂಗುಹಾಕಿದ್ದಾರೆ, ನಾಯಿ ಹೊಸ್ತಿಲಲ್ಲೇ ಮಲಗಿತು, ಹೊರಗೆ ಹೋಗುವ ದಾರಿಗೆ ಅಡ್ಡಲಾಗಿ. ಓಹೋ, ಯೂ ಮಗಳಾ, ಕಣ್ಣು ಅವನದೇ, ಎಂದ ಮುದುಕ, ನಾನಿನ್ನೂ ಹೆಸರು ಹೇಳಿರಲಿಲ್ಲ. ನಾನು ಕೊಟ್ಟ ಅನಾನಸ್ ಬಿಸ್ಕತ್ತಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಹಲ್ಲಿಲ್ಲದ ಬಾಯಿಯಲ್ಲಿ ನಕ್ಕ, ಅಪ್ಪ ಗುಂಡು ಕೊಟ್ಟ, ಮಗಳು ಬಿಸ್ಕತ್ತು ತಂದವ್ಳೆ. ಸುಮ್ನಿರು ಮುದುಕಾ, ಮನೆಗೆ ಬಂದೋಳ ಹತ್ರ ಹಿಂಗಾ ಮಾತಾಡೋದು, ಎಂದು ಅವನ ಹೆಂಡತಿ ಸಕ್ಕರೆ ಹಾಕಿದ ಬಿಸಿನೀರು ತಂದಿಟ್ಟಳು, ಬೂದಿಯ ಡಬ್ಬಿ ಮಡಿಲಲ್ಲಿ ತಣ್ಣಗಿದೆ. ಸುತ್ತುಗಟ್ಟಿದ್ರು ಕಣಮ್ಮ ನಮ್ಮನ್ನ, ಎನ್ನುತ್ತಿದ್ದಾನೆ ಚಿಯೂ, ಹಿಮ ಬೀಳ್ತಾನೇ ಇತ್ತು, ಕುದುರೆ ತಿಂದು ಮುಗೀತು, ಸೊಂಟದ ಬೆಲ್ಟು ಬೇಯ್ಸಿದ್ವಿ. ಆ ಕಡೆ ಕೆಂಪು ಸೈನ್ಯದೋರು ಬಾಯಿಗೆ ತಗಡಿನ ಕೊಳವೆ ಹಿಡಿದು ಕೂಗೋರು, ಬನ್ರಪ್ಪಾ ಅಣ್ಣತಮ್ಮಂದಿರಾ, ಬಿಸಿಬಿಸಿ ಮಂಟೋ ಐತೆ, ಹೊಟ್ಟೆ ತುಂಬ ತಿನ್ನಿ. ಗಾಳಿ ಬೀಸಿದ್ರೆ ಬೆಂದ ಹಿಟ್ಟಿನ ವಾಸ್ನೆ. ಯಾರು ದಾಟ್ತಾರೋ ಅವರ ಬೆನ್ನಿಗೆ ಹೊಡಿ ಅಂತ ನಿಮ್ಮಪ್ಪಂಗೆ ಆರ್ಡರು. ಒಂದಿನ ಬೆಳಿಗ್ಗೆ ನಾನು, ನನ್ನ ತಮ್ಮ ಸಾನ್‌ವಾ, ಇಬ್ರೂ ಓಡಿದ್ವಿ. ಗನ್ನು ಶುರುವಾಯ್ತು. ಹೊಲದ ಮಧ್ಯೆ ಒಂದು ಬೋರೆ ಮರ, ಅದರ ಕೊಂಬೇಲಿದ್ದ ಹಿಮ ಎಲ್ಲಾ ನಮ್ಮ ತಲೆ ಮೇಲೆ ಸುರೀತು. ಗೊತ್ತಾಗೋಯ್ತು, ಬೇಕಂತ ಮೇಲಕ್ಕೆ ಹೊಡೀತವ್ನೆ ಅಂತ. ನಗು ಬಂತು ನಮಗೆ, ಓಡ್ತಾ ಓಡ್ತಾ ನಕ್ವಿ — ನಿಜವೇ ಹಾಗಾದರೆ, ಅಪ್ಪ ಸುಳ್ಳು ಹೇಳಿರಲಿಲ್ಲ, ಅಮ್ಮಾ, ಅವನು ಸುಳ್ಳು ಹೇಳಿರಲಿಲ್ಲ, ಎದೆಯ ಮೇಲಿಂದ ಏನೋ ಇಳಿಯುತ್ತಿದೆ, ಇಲ್ಲಿಗೇ ಎದ್ದುಬಿಡಬೇಕು, ಇಲ್ಲಿಗೇ, ಆದರೆ ಚಿಯೂ ನಗುತ್ತಿಲ್ಲ, ಮುದುಕಿ ಮುಖ ಆಚೆ ತಿರುಗಿಸಿದ್ದಾಳೆ, ನಾಯಿ ತಲೆಯೆತ್ತಿದೆ. ಆಮೇಲೆ ಚಿಕ್ಕಪ್ಪ?

ಆಮೇಲೆ ಸಾನ್‌ವಾ ನಿಂತ್ಬಿಟ್ಟ. ತಿರುಗಿ ಕೈ ಎತ್ತಿ ಬೀಸ್ದ. ಯೂ ಅಣ್ಣಾ, ನೀನೂ ಬಾರೋ, ಅಂತ ಕೂಗ್ದ. ಒಳ್ಳೆ ಹುಡುಗ, ಉಪಕಾರ ಮಾಡಿದೋನ ಹಂಗೇ ಬಿಟ್ಟು ಹೋಗೋದು ಹೆಂಗೆ ಅಂದ್ಕೊಂಡ. ಹೆಸರು ಹಿಡಿದು ಕೂಗ್ಬಾರದಿತ್ತು. ನಿಮ್ಮಪ್ಪನ ಬೆನ್ನಿಗೆ ಕ್ಯಾಪ್ಟನ್ ನಿಂತಿದ್ದ, ಕುತ್ತಿಗೆಗೆ ಪಿಸ್ತೂಲಿಟ್ಟ. ಗನ್ನು ಒಂದು ಗಳಿಗೆ ಸುಮ್ನಾಯ್ತು, ಆಮೇಲೆ ಕೆಳಗಿಳೀತು. ಚಿಯೂ ಬಿಸ್ಕತ್ತಿನ ಡಬ್ಬಿಯನ್ನು ಆಚೆ ಸರಿಸಿದ. ಮುಂದಿನದನ್ನು ಅವನು ಬೇರೆ ಯಾರದೋ ಕಥೆಯಂತೆ ಹೇಳುತ್ತಾನೆ, ಕೆಂಪು ಸೈನ್ಯದ ಕೋಟು ತೊಟ್ಟದ್ದು, ಕೊರಿಯಾಕ್ಕೆ ಹೋಗಿ ಬಂದದ್ದು, ಹಿಂದೆ ಶತ್ರುಸೈನ್ಯದಲ್ಲಿದ್ದವನು ಎಂದು ಊರವರೇ ಕುತ್ತಿಗೆಗೆ ಹಲಗೆ ಕಟ್ಟಿ ಹೊಡೆದದ್ದು, ತಮ್ಮ ಬಿದ್ದ ಊರಲ್ಲೇ ಹೆಣ್ಣು ಕಂಡು ನಿಂತುಬಿಟ್ಟದ್ದು. ಚಿಕ್ಕಪ್ಪ, ಅಪ್ಪನ ಬೂದಿ ತಂದಿದ್ದೇನೆ, ನೀವು ಬೇಡ ಅಂದ್ರೆ ವಾಪಸ್ ಒಯ್ತೀನಿ. ಅವನು ಗುದ್ದಲಿ ತೆಗೆದುಕೊಂಡ. ತಂದಿದೀಯಲ್ಲ, ಹೂಳು, ಎಂದ, ಸಾನ್‌ವಾನ ಗೋರಿ ಎದುರಿಗೇ ಹೂಳು, ಇನ್ನು ಎಲ್ಲಿಗೂ ಓಡಿಹೋಗ್ದಂಗೆ. ಹೊಲದ ಮಂಜಿನೊಳಗೆ ಅವನ ಬೆನ್ನು ಕರಗುತ್ತಿದೆ, ಗುದ್ದಲಿಯ ಸದ್ದು ಮಾತ್ರ ಕೇಳುತ್ತಿದೆ, ಹೆಪ್ಪುಗಟ್ಟಿದ ಮಣ್ಣು, ಡಬ್ಬಿ ಈಗ ಎಷ್ಟು ಭಾರ, ತೈಪೇಗೆ ಓದಲು ಹೊರಟ ದಿನ ರೈಲಿನ ಕಿಟಕಿಯಿಂದ ಕೈ ಬೀಸಿದ್ದೆ, ಅಪ್ಪಾ ಎಂದು ಕೂಗಿದ್ದೆ, ಅವನು ಪ್ಲಾಟ್‌ಫಾರಂ ಮೇಲೇ ಕುಸಿದು ಕೂತು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡ, ನಾನು ಹೋಗುತ್ತಿರುವುದಕ್ಕೆ ಅಳುತ್ತಿದ್ದಾನೆ ಅಂದುಕೊಂಡೆ, ಇನ್ನೂ ಜೋರಾಗಿ ಬೀಸಿದೆ, ರೈಲು ತಿರುವು ದಾಟುವವರೆಗೂ ಬೀಸಿದೆ, ಅವನಿಗೆ ಕಂಡದ್ದು ನಾನಲ್ಲ, ಹಿಮದ ನಡುವೆ ಎತ್ತಿದ ಕೈ, ಬಾರೋ ಎನ್ನುವ ಕೈ, ಗನ್ನು ಕೆಳಗಿಳಿಯುತ್ತಿರುವಾಗಲೂ ಇಳಿಯದ ಕೈ, ಎತ್ತಿದ ಕೈ, ಎತ್ತಿದ —