ಅಪ್ಪ ಹೋದ ಮೇಲೆ ಅವಳು ಮತ್ತೆ ಓದಲು ಹೊರಟಳು

ಮನೆಯಲ್ಲೊಬ್ಬ ನರ್ಸ್ ಇದ್ದರೆ ಓಣಿಗೆಲ್ಲ ಧೈರ್ಯ. ಜ್ವರ ಬಂದರೆ ಅವಳನ್ನೇ ಕೇಳುತ್ತಾರೆ, ಮಾತ್ರೆ ತಪ್ಪಿದರೂ ಅವಳನ್ನೇ ಕೂಗುತ್ತಾರೆ. ಬಸ್ ಓಡಿಸುತ್ತಿದ್ದ ಅಪ್ಪನಿಗಂತೂ ಮಗಳೆಂದರೆ ಅರ್ಧ ಡಾಕ್ಟರ್. ಆದರೆ ಅವಳು ಓದಿದ್ದು ಸಹಾಯಕ ನರ್ಸ್ ಕೋರ್ಸ್ ಮಾತ್ರ. ಬಿಪಿ ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಹಾಸಿಗೆ ಹಿಡಿದವರ ಮೈ ಒರೆಸುವುದು, ಇವುಗಳಲ್ಲಿ ಎತ್ತಿದ ಕೈ.

ಹೃದಯದ ಕಾಯಿಲೆಯಿಂದ ಅಪ್ಪ ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ವಾರ್ಡಿಗೇ ಬಂದರು. ಕಾಲು ಊದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಯಾಕಮ್ಮ ಹೀಗಾಗ್ತಿದೆ?"

"ಡಾಕ್ಟ್ರು ಬಂದು ಹೇಳ್ತಾರೆ, ಅಪ್ಪ."

ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಗೊತ್ತಿರಲಿಲ್ಲ. ದಿಂಬು ಎತ್ತರಿಸಿ ಬೆನ್ನು ಸವರಿದಳು. ಆಸ್ಪತ್ರೆಯವರು ಮಾಡಬೇಕಾದ್ದೆಲ್ಲ ಮಾಡಿದರು. ಸಂಜೆ ಹೊತ್ತಿಗೆ ಅಪ್ಪ ಹೋಗಿಬಿಟ್ಟರು.

ಮತ್ತೆ ಕೆಲಸಕ್ಕೆ ಬಂದಾಗ ಅಪ್ಪ ಮಲಗಿದ್ದ ಮಂಚವನ್ನು ಬಿಟ್ಟು ದೂರದಿಂದಲೇ ಓಡಾಡಿದಳು. ವಾರ್ಡಿನ ಹಿರಿಯ ನರ್ಸ್ ಅವಳನ್ನು ಪಕ್ಕಕ್ಕೆ ಕರೆದರು.

"ಅಕ್ಕಾ, ಅಪ್ಪ ಕೇಳಿದ್ದಕ್ಕೆ ಉತ್ತರ ಹೇಳೋಕಾಗಲಿಲ್ಲ. ನಾನು ಮುಂದೆ ಓದ್ಬೇಕು."

"ಓದು. ಕೆಲವು ಕಡೆ ನೇರವಾಗಿ ನರ್ಸಿಂಗ್ ಪದವಿಗೆ ಸೇರಿಸ್ಕೋತಾರೆ. ಕೆಲವು ಕಡೆ ಮೊದಲು ಡಿಪ್ಲೊಮಾ ಆಗ್ಬೇಕು. ನಿನ್ನ ಹಳೇ ಓದು, ಅನುಭವ ಲೆಕ್ಕಕ್ಕೆ ಬರುತ್ತಾ ಕೇಳು. ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ನೀನೇ ವಿಚಾರಿಸು. ಬಣ್ಣದ ಮಾತಿಗೆ ಮರುಳಾಗ್ಬೇಡ."

ಮನೆಯಲ್ಲಿ ಅಮ್ಮ ಮಾತ್ರ ಸುತರಾಂ ಒಪ್ಪಲಿಲ್ಲ.

"ಮನುಷ್ಯರೇ ಹೋದ್ಮೇಲೆ ಓದಿ ಯಾರನ್ನ ಉಳಿಸ್ತೀಯ? ನೀನೂ ಪುಸ್ತಕದಲ್ಲಿ ಮುಖ ಹುದುಗಿಸಿದ್ರೆ ನಾನು ಈ ಗೋಡೆ ಜೊತೆ ಮಾತಾಡ್ಲಾ?"

ಮಗಳು ಇದನ್ನು ಹಿರಿಯ ನರ್ಸ್ ಹತ್ತಿರ ಹೇಳಿಕೊಂಡಳು. ಭಾನುವಾರ ಅವರು ತಾವೇ ಮನೆಗೆ ಬಂದರು. ಅಮ್ಮ ಟೀ ಲೋಟ ಕೊಟ್ಟವರೇ ನೆಟ್ಟಗೆ ಕೇಳಿದರು: "ಇವಳು ಆಗಲೇ ಓದಿದ್ದಿದ್ರೆ ಅವರು ಬದುಕ್ತಿದ್ರಾ?"

"ಸುಳ್ಳು ಹೇಳಲ್ಲ, ಅಮ್ಮ. ಅವರ ಹೃದಯ ಪೂರ್ತಿ ಸೋತಿತ್ತು. ಬಹುಶಃ ಉಳಿಸೋಕೆ ಆಗ್ತಿರಲಿಲ್ಲ. ಆದ್ರೆ ಓದಿದ್ರೆ ಇವಳಿಗೆ ಕಾಯಿಲೆ ಏನು, ಯಾಕೆ ಅಂತ ತಿಳಿಯುತ್ತೆ. ಅಪಾಯ ಕಂಡ್ರೆ ಬೇಗ ಗುರುತಿಸ್ತಾಳೆ. ಮನೆಯವರಿಗೆ ಬಿಡಿಸಿ ಹೇಳ್ತಾಳೆ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹಾಗಾದ್ರೆ ಓದ್ಲಿ. ಉಳಿಸ್ಬಹುದಿತ್ತು ಅಂದಿದ್ರೆ, ಇವಳು ಪುಸ್ತಕ ತೆಗೆದಾಗೆಲ್ಲ ನನ್ನ ಕರುಳು ಕಿತ್ತು ಬರ್ತಿತ್ತು."

ಈಗ ಅವಳು ಪದವಿ ತರಗತಿಯಲ್ಲಿದ್ದಾಳೆ. ಸಂಜೆ ಅಡುಗೆಮನೆಯಲ್ಲಿ ಜೋರಾಗಿ ಓದುತ್ತಾಳೆ, ಅಮ್ಮ ತರಕಾರಿ ಹೆಚ್ಚುತ್ತಾ ಕೇಳುತ್ತಾರೆ. ಹೃದಯದ ಪಾಠ ಬಂದ ದಿನ ಇಬ್ಬರೂ ಅತ್ತರು. ಆದರೂ ಅವಳು ಪಾಠ ನಿಲ್ಲಿಸಲಿಲ್ಲ, ಅಮ್ಮನೂ ಎದ್ದು ಹೋಗಲಿಲ್ಲ.

ಸಹಾಯಕ ನರ್ಸ್ ಆಗಿರುವ ತಂಗಿಯರೇ, ತಮ್ಮಂದಿರೇ, ನಿಮ್ಮ ಕೆಲಸ ಸಣ್ಣದಲ್ಲ. ಆದರೆ ಮುಂದೆ ಓದುವ ಆಸೆ ಇದ್ದರೆ ಅದನ್ನು ನುಂಗಿಕೊಳ್ಳಬೇಡಿ. ದುಃಖ ಬರುವ ತನಕವೂ ಕಾಯಬೇಡಿ. ದಾರಿ ವಿಚಾರಿಸಿ, ಮಾನ್ಯತೆ ನೋಡಿ, ಮನೆಯವರನ್ನು ಕೂರಿಸಿಕೊಂಡು ಮಾತಾಡಿ. ಮನೆಯವರೇ, ಓದಲು ಹೊರಟವರಿಗೆ ಸಂಜೆಯ ಸ್ವಲ್ಪ ಹೊತ್ತು ಬಿಟ್ಟುಕೊಡಿ.